ಒಂಬತ್ತು ಗಂಟೆಯ ಮೇಲಿನ ಧೂಳು

ಜನವರಿಯ ಭಾನುವಾರ, ಬೆಳಗ್ಗೆ ಏಳು. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆಗೆ, ಸೈಟು ಹಂಚಿದ್ದರೂ ಮನೆ ಏಳದ ಒಂದು ಲೇಔಟ್. ಕೆಮ್ಮಣ್ಣಿನ ಮೇಲೆ ಇಬ್ಬನಿ ಬಿದ್ದಿದೆ. ಚಪ್ಪಲಿಗೆ ಮೆತ್ತುವಷ್ಟು ಹಸಿಯಲ್ಲ, ಬೆರಳು ಒತ್ತಿದರೆ ಗುರುತು ನಿಲ್ಲುವಷ್ಟು. ರಿಮೋಟ್ ‘ಬಗ್ಗಿ’ (ಕೈಲಿರುವ ರಿಮೋಟಿನಿಂದ ನಡೆಸುವ ಪುಟ್ಟ ರೇಸ್ ಗಾಡಿ) ಓಡಿಸೋಕೆ ಇದಕ್ಕಿಂತ ಒಳ್ಳೆಯ ನೆಲ ಬೇಡ. ಆದರೆ ಈ ಭಾಗ್ಯ ಎರಡೇ ಗಂಟೆಯದು. ಒಂಬತ್ತರ ಬಿಸಿಲಿಗೆ ಮೇಲ್ಪದರ ಒಣಗಿ ಹಿಟ್ಟಾಗುತ್ತದೆ. ಏಳಕ್ಕೆ ಕಚ್ಚಿ ತಿರುಗಿದ ಗಾಡಿ ಹತ್ತಕ್ಕೆ ಅದೇ ತಿರುವಲ್ಲಿ ಹಿಂಬದಿಯ ಹಿಡಿತ ಬಿಟ್ಟುಕೊಡುತ್ತದೆ. ಗಾಡಿಗೇ ಏನೋ ಆಯಿತು ಅಂದುಕೊಂಡು ಸ್ಕ್ರೂ ಡ್ರೈವರ್ ಎತ್ತುವವರೇ ಹೆಚ್ಚು.

ಗಾಡಿ 1:10 ಅಳತೆಯದು, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ. 17.5 ಟರ್ನ್‌ನ (ಟರ್ನ್ ಅಂದರೆ ಒಳಗಿನ ತಂತಿಯ ಸುತ್ತು) ಸೆನ್ಸರ್ ಬ್ರಷ್‌ಲೆಸ್ ಮೋಟಾರು, ಎರಡು ಸೆಲ್‌ನ 7.4 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ನೆಲಕ್ಕೆ ಬಿಡುವ ಮುಂಚೆ ಕಲ್ಲಿನ ಮೇಲಿನ ಕೆಲಸ ಮುಗಿಸಬೇಕು. ಕಲ್ಲು ಅಂದರೆ ಅಡುಗೆಮನೆ ಕಟ್ಟೆಗೆ ಕೊಯ್ದು ಮಿಕ್ಕ ಗ್ರಾನೈಟ್ ತುಂಡು. ಅದಿದ್ದರೆ ದುಬಾರಿ ಸೆಟಪ್ ಬೋರ್ಡ್ ಯಾಕೆ? ಬ್ಯಾಟರಿ, ಬಾಡಿ ಎಲ್ಲ ಹಾಕಿದ ಗಾಡಿಯನ್ನು ಅದರ ಮೇಲೆ ಒಂದು ಗೇಣು ಎತ್ತರದಿಂದ ಬಿಟ್ಟು, ಕೂತ ಮೇಲೆ ಚಾಸಿಯ ಅಡಿ ಅಳೆಯಬೇಕು: ಹಿಂದೆ ಮುಂದೆ 24 ಮಿ.ಮೀ. ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ ವಾಲುವುದು, ನಾಲ್ಕೂ ಚಕ್ರಕ್ಕೆ ಮೈನಸ್ 1 ಡಿಗ್ರಿ; ಹಿಂಬದಿ ಟೋ-ಇನ್, ಅಂದರೆ ಚಕ್ರದ ಮುಂಭಾಗ ಒಳಕ್ಕೆ ತಿರುಗಿರುವುದು, 3 ಡಿಗ್ರಿ.

ಆಮೇಲೆ ಫೇಲ್‌ಸೇಫ್, ಅಂದರೆ ರಿಮೋಟಿನ ಸಿಗ್ನಲ್ ತಪ್ಪಿದರೆ ಗಾಡಿ ತಾನೇ ನಿಲ್ಲುವ ಏರ್ಪಾಡು. ಮೊದಲು ಟ್ರಾನ್ಸ್‌ಮಿಟರ್ ಆನ್, ನಂತರ ಗಾಡಿ, ಆರಿಸುವಾಗ ತಿರುಗುಮುರುಗು. ಗಾಡಿಯನ್ನು ಸ್ಟ್ಯಾಂಡ್ ಮೇಲಿಟ್ಟು ಚಕ್ರ ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆರಿಸಿ ನೋಡಬೇಕು. ಚಕ್ರ ತಕ್ಷಣ ನಿಲ್ಲದಿದ್ದರೆ ಅವತ್ತು ಗಾಡಿ ಇಳಿಸುವ ಹಾಗಿಲ್ಲ. ಪಕ್ಕದ ರಸ್ತೆಯಲ್ಲಿ ವಾಕಿಂಗ್ ಹೊರಟವರಿರುತ್ತಾರೆ, ಒಂದೂವರೆ ಕೆಜಿಯ ಗಾಡಿ ಮೊಣಕಾಲ ಕೆಳಗೆ ಬಡಿದರೆ ತಮಾಷೆಯಲ್ಲ.

ನೀರಿನ ಬಾಟಲಿ ಇಟ್ಟು ಮಾಡಿದ ಸುತ್ತು: ಒಂದು ಬಿಗಿ ಎಡ ತಿರುವು, ಒಂದು ಉದ್ದನೆಯ ಬಲ ತಿರುವು, ಮಣ್ಣು ಗುಡ್ಡೆ ಹಾಕಿದ ಒಂದು ಜಂಪ್. ಓಟಕ್ಕೆ ಎಂಟು ಸುತ್ತು. ಮೊದಲ ಎರಡನ್ನು ಬಿಟ್ಟು ಉಳಿದ ಆರರ ಸರಾಸರಿ ಬರೆದುಕೊಳ್ಳುವುದು. ಅತಿ ವೇಗದ ಒಂದು ಸುತ್ತಿಗೆ ಮರುಳಾಗಬಾರದು, ಅದು ಅಪ್ಪಿತಪ್ಪಿ ಯಾರಿಗಾದರೂ ಒಲಿಯುತ್ತದೆ. ಬದಲಾವಣೆ ಒಂದು ಸಲಕ್ಕೆ ಒಂದೇ. ಅದಕ್ಕೂ ಮೂರು ಓಟ ಬೇಕು: ಹಳೆಯದು, ಹೊಸದು, ಮತ್ತೆ ಹಳೆಯದು. ಮೂರನೆಯದನ್ನು ಹಾರಿಸಿದರೆ ಬೆಂಗಳೂರಿನ ಮಣ್ಣಿನಲ್ಲಿ ಟೆಸ್ಟಿಂಗ್ ದಂಡ. ಹಳೆಯ ಸೆಟಪ್‌ಗೆ ಮರಳಿದಾಗ ಸರಾಸರಿ ಮೊದಲಿಗಿಂತ ಅರ್ಧ ಸೆಕೆಂಡು ನಿಧಾನವಾಗಿ ಬಂತೆಂದರೆ ಬದಲಾದದ್ದು ನೆಲ. ಬ್ಯಾಟರಿಯೂ ಆಟ ಆಡಿಸುತ್ತದೆ. 8.4 ವೋಲ್ಟಿನಲ್ಲಿ ಶುರುವಾದ ಮೊದಲ ಓಟವನ್ನು ಅರ್ಧ ಖಾಲಿಯಾದ ಮೇಲಿನ ಓಟದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಒಂಬತ್ತೂಕಾಲಿಗೆ ನಿರೀಕ್ಷೆಯಂತೆ ಹಿಂಬದಿ ಜಾರತೊಡಗಿತು. ಮೊದಲ ಮದ್ದು ಎಲ್ಲಕ್ಕಿಂತ ಅಗ್ಗದ್ದು. ಬ್ಯಾಟರಿ ಹಿಂದಿದ್ದ ಫೋಮ್ ತುಂಡನ್ನು ಮುಂದಕ್ಕೆ ಹಾಕಿ ಬ್ಯಾಟರಿಯನ್ನು 10 ಮಿ.ಮೀ. ಹಿಂದೆ ಸರಿಸುವುದು. ಭಾರ ಹಿಂದಿನ ಟೈರಿನ ಮೇಲೆ ಬಿದ್ದು ಹಿಡಿತ ಬರುತ್ತದೆ, ಬಿಗಿ ತಿರುವಲ್ಲಿ ಮೂತಿ ತುಸು ಹೊರಗೆ ಓಡುತ್ತದೆ. ಈಗಿನ ಬಗ್ಗಿಗಳಲ್ಲಿ ಹೆಚ್ಚಿನವು ಮೋಟಾರು ನಡುವೆ ಕೂರುವಂಥವು, ಕಾರ್ಪೆಟ್, ಟರ್ಫ್‌ನಂಥ ಹಿಡಿತದ ನೆಲಕ್ಕೆ ಹೇಳಿ ಮಾಡಿಸಿದವು. ನಮ್ಮ ಸಡಿಲ ಮಣ್ಣಿಗೆ ಮೋಟಾರು ಹಿಂದಿದ್ದ ಹಳೆಯ ಜೋಡಣೆಯೇ ವಾಸಿ ಅನ್ನುವುದು ನನ್ನ ಪಕ್ಷಪಾತ.

ಎರಡನೆಯದು ಶಾಕ್ ಅಬ್ಸಾರ್ಬರ್‌ನೊಳಗಿನ ಆಯಿಲ್. ಹಿಂಬದಿಯ ಶಾಕ್‌ಗಳಲ್ಲಿ 30 ವೇಟ್, ಅಂದರೆ ಸುಮಾರು 350 ಸಿಎಸ್‌ಟಿ (ಸೆಂಟಿಸ್ಟೋಕ್, ಆಯಿಲಿನ ಮಂದತನದ ಅಳತೆ) ಇತ್ತು, 27.5ಕ್ಕೆ ಇಳಿಸಿದ್ದಾಯಿತು. ಡಬ್ಬಿಯ ಮೇಲಿನ ವೇಟ್ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ನಂಬುವುದಾದರೆ ಸಿಎಸ್‌ಟಿ ಅಂಕಿಯನ್ನೇ ನಂಬಬೇಕು. ಆಯಿಲ್ ತುಂಬುವಾಗ ಆತುರ ಮಾಡುವವರೇ ಕೆಡಿಸಿಕೊಳ್ಳುವುದು. ಅಂಚಿನವರೆಗೆ ಸುರಿದು, ಪಿಸ್ಟನ್ ಅನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಬೇಕು. ಒಂದು ಬೈ-ಟೂ ಕಾಫಿಯ ಹೊತ್ತು. ಗುಳ್ಳೆ ಪೂರ್ತಿ ಮೇಲೆ ಬಂದ ಮೇಲೆ ಮುಚ್ಚಳ. ಮುಚ್ಚಿದ ಮೇಲೆ ಎಡ ಬಲ ಎರಡನ್ನೂ ಒಟ್ಟಿಗೆ ಒತ್ತಿ ಬಿಟ್ಟರೆ ಶಾಫ್ಟ್ ಒಂದೇ ಸಮ ಹೊರಬರಬೇಕು. ಒಂದರಲ್ಲಿ ಚುಳುಚುಳು ಸದ್ದು ಬಂದರೆ ಒಳಗೆ ಗಾಳಿಯಿದೆ, ಬಿಚ್ಚಿ ಮತ್ತೆ ತುಂಬಬೇಕು.

ಇಷ್ಟಾದರೂ ಗಾಡಿ ಜಾರುತ್ತಲೇ ಇತ್ತು, ಅದೂ ಬಲ ತಿರುವಲ್ಲಿ ಮಾತ್ರ. ಎಡಕ್ಕೆ ಚೆನ್ನಾಗಿ ತಿರುಗುತ್ತದೆ, ಬಲಕ್ಕೆ ಗಿರಕಿ. ಸೆಟಪ್ ತಪ್ಪಿದ್ದರೆ ಎರಡು ಕಡೆಗೂ ತಪ್ಪಬೇಕು. ಒಂದೇ ಕಡೆ ಅಂದರೆ ಏನೋ ಬಗ್ಗಿದೆ, ಇಲ್ಲವೇ ಸಿಕ್ಕಿಕೊಂಡಿದೆ. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ, ಹಾಗಾಗಿ ಹುಡುಕಬೇಕಾದ್ದು ಎಡ ಹಿಂಬದಿ. ಶಾಕ್‌ನ ಕೆಳಗಿನ ಸ್ಕ್ರೂ ಬಿಚ್ಚಿ ಸಸ್ಪೆನ್ಷನ್ ಆರ್ಮ್ ಎತ್ತಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಧೊಪ್ಪನೆ ಬೀಳಬೇಕು. ಬಲದ್ದು ಬಿತ್ತು. ಎಡದ್ದು ಅರ್ಧದಲ್ಲಿ ನಿಂತಿತು. ಹಿಂಜ್ ಪಿನ್ (ಆರ್ಮ್ ಆಡುವ ಉಕ್ಕಿನ ಕಡ್ಡಿ) ಎಳೆದು ಗ್ರಾನೈಟ್ ಮೇಲೆ ಉರುಳಿಸಿದರೆ ಕುಂಟುತ್ತಾ ಹೋಯಿತು. ಜಂಪಿನಿಂದ ಆ ಚಕ್ರದ ಮೇಲೇ ಓರೆಯಾಗಿ ಇಳಿದಾಗ ಬಗ್ಗಿರಬೇಕು. ಬಗ್ಗಿದ ಪಿನ್ನನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡುವ ಬುದ್ಧಿವಂತಿಕೆ ಬೇಡ, ಎಷ್ಟು ಬಡಿದರೂ ಪೂರ್ತಿ ನೇರ ಆಗುವುದಿಲ್ಲ. ಹೊಸದು ಹಾಕಿ, ಆರ್ಮ್ ತೂತಿನಲ್ಲಿ ತುಂಬಿದ್ದ ಎಂ-ಸ್ಯಾಂಡ್ ಒರೆಸಿದ ಮೇಲೆ ಗಿರಕಿ ನಿಂತಿತು. ಆದರೆ ಆಯಿಲ್‌ಗೆಂದು ಬರೆದುಕೊಂಡ ಮೂರು ಓಟದ ಅಂಕಿಗಳನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಬೇಕಾಯಿತು. ಹೊಸ ಪಿನ್‌ನೊಂದಿಗೆ 27.5 ಮತ್ತು 30 ಎರಡನ್ನೂ ಮತ್ತೆ ಓಡಿಸಿ ನೋಡಿದರೆ ಧೂಳಿನಲ್ಲಿ 27.5 ಗೆದ್ದಿತು, ಅಲ್ಪ ಅಂತರದಲ್ಲಿ.

ಗೇರಿಂಗ್‌ಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 72 ಹಲ್ಲಿನ ಸ್ಪರ್ (ದೊಡ್ಡ ಗೇರು), 29ರ ಪಿನಿಯನ್ (ಮೋಟಾರಿನ ಪುಟ್ಟ ಗೇರು), ಗೇರ್‌ಬಾಕ್ಸ್ 2.6, ಒಟ್ಟು 6.46, ಅಂದರೆ ಚಕ್ರದ ಒಂದು ಸುತ್ತಿಗೆ ಮೋಟಾರಿನ 6.46 ಸುತ್ತು. ಐದು ನಿಮಿಷ ಓಡಿಸಿದ ಮೇಲೆ ಮೋಟಾರು 58 ಡಿಗ್ರಿ. 31ರ ಪಿನಿಯನ್ ಹಾಕಿದರೆ 6.04ಕ್ಕೆ ಇಳಿದು 74 ಡಿಗ್ರಿ ತೋರಿಸಿತು. 80ರ ಹತ್ತಿರ ಹೋಗುವುದು ಬೇಡ. ಅಲ್ಲದೆ ಈ ಧೂಳಲ್ಲಿ ಹೆಚ್ಚಿನ ವೇಗ ಬಳಸಲು ಜಾಗವೇ ಇಲ್ಲ, 29ಕ್ಕೇ ವಾಪಸ್. ಕೊರೊನಾ ಕಾಲದ ಹಣೆಯ ಥರ್ಮಾಮೀಟರ್ ಇದಕ್ಕೆ ಬಾರದು, ಅದು ಜ್ವರದ ಮಟ್ಟ ದಾಟಿದರೆ ಕೈಚೆಲ್ಲುತ್ತದೆ. ಕಾರ್ಖಾನೆಯಲ್ಲಿ ಬಳಸುವಂಥದ್ದು ಬೇಕು. ಪಿನಿಯನ್ ಕೂರಿಸುವಾಗ ಎರಡು ಗೇರಿನ ನಡುವೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು ಬಿಗಿ ಮಾಡಿ, ಆಮೇಲೆ ಪಟ್ಟಿ ಎಳೆದುಬಿಟ್ಟರೆ ಸಾಕು. ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಸ್ಲಿಪ್ಪರ್ ಕ್ಲಚ್ (ಹಠಾತ್ ಎಳೆತಕ್ಕೆ ತುಸು ಜಾರಿ ಗೇರು ಉಳಿಸುವಂಥದ್ದು) ಒಂದೂವರೆ ಅಡಿಯಷ್ಟು ಸುಯ್ಯೆನ್ನಬೇಕು. ಸದ್ದೇ ಇಲ್ಲದಿದ್ದರೆ ಸ್ಪರ್ ಹಲ್ಲು ಉದುರುವ ಕಾಲ ದೂರವಿಲ್ಲ.

ಜಂಪಿನಲ್ಲಿ ಮೂತಿ ಮೇಲೆದ್ದರೆ ಗಾಳಿಯಲ್ಲೇ ಬ್ರೇಕ್ ಮುಟ್ಟಬೇಕು, ಮೂತಿ ಇಳಿದರೆ ಥ್ರಾಟಲ್. ಚಕ್ರ ಸುತ್ತುವ ವೇಗ ಬದಲಾದಂತೆ ಗಾಡಿಯ ಮೈ ಅದಕ್ಕೆ ಪ್ರತಿಯಾಗಿ ತಿರುಗುತ್ತದೆ. ಪದೇ ಪದೇ ಮೂತಿ ಬಡಿಯುತ್ತಿದ್ದರೆ ಮಾತ್ರ ಸ್ಪ್ರಿಂಗ್ ಕಡೆ ನೋಡಬಹುದು.

ಹನ್ನೊಂದೂವರೆಗೆ ನೆಲ ಪೂರ್ತಿ ಪುಡಿಯಾಗಿತ್ತು, ಇನ್ನು ಓಡಿಸಿ ಕಲಿಯುವುದೇನೂ ಇಲ್ಲ. ಕೆಮ್ಮಣ್ಣಿನ ಗಾಡಿಗೆ ನೀರು ಹಾಕಬಾರದು, ಬೇರಿಂಗ್ ಒಳಗೆ ಕೆಸರಾಗಿ ಕೂರುತ್ತದೆ. ಪೇಂಟ್ ಬ್ರಷ್‌ನಲ್ಲಿ ಒಣಗಿದ್ದನ್ನೇ ಝಾಡಿಸಬೇಕು. ಪ್ರತಿ ಚಕ್ರವನ್ನೂ ಬೆರಳಲ್ಲಿ ತಿರುಗಿಸಿದಾಗ ಮುಂದಿನ ಬಲ ಚಕ್ರ ಗರಗರ ಅಂದಿತು: 5×10×4 ಅಳತೆಯ ಬೇರಿಂಗ್, ಎರಡು ತರಬೇಕು. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ ಮಾತ್ರ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಚ್ಚುವ ಅಂಟು), ಪ್ಲಾಸ್ಟಿಕ್‌ಗೆ ತಾಗಿದರೆ ಸೀಳು ಬಿಡಬಹುದು. ಉಳಿದ ಬ್ಯಾಟರಿಗಳು ಸೆಲ್‌ಗೆ 3.8 ವೋಲ್ಟಿಗೆ ತಂದು ಚೀಲಕ್ಕೆ. ನೋಟ್‌ಬುಕ್ಕಿನಲ್ಲಿ ಪ್ರತಿ ಸರಾಸರಿಯ ಪಕ್ಕ ಗಂಟೆ, ಅದರ ಪಕ್ಕ ನೆಲ: 7.20 ಹಸಿ, 8.40 ಅರೆಹಸಿ, 9.15 ಹಿಟ್ಟು.