ಸನ್ನೆ ಬಂದವರೆಲ್ಲ ದುಭಾಷಿಗಳಲ್ಲ

ಕಲಬುರಗಿಯ ಯಾವುದೋ ದವಾಖಾನೆಯಲ್ಲಿ ವೈದ್ಯರು ಕಿವುಡ ತಾಯಿಯೊಬ್ಬರಿಗೆ ಸಕ್ಕರೆ ಕಾಯಿಲೆಯ ಬಗ್ಗೆ ಐದು ನಿಮಿಷ ಹೇಳುತ್ತಾರೆ ಎಂದುಕೊಳ್ಳಿ. ಊಟಕ್ಕೆ ಮುಂಚೆ ಯಾವ ಗುಳಿಗೆ, ಊಟವಾದ ಮೇಲೆ ಯಾವುದು, ಬೆವರು ಬಂದು ಕೈಕಾಲು ನಡುಗಿದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು ಎಂಬುದು. ಪಕ್ಕದಲ್ಲಿ ನಿಂತ ಮಗ ಸನ್ನೆಯಲ್ಲಿ ತಿಳಿಸುವುದು ಇಷ್ಟೇ: ‘ದಿನಾ ಗುಳಿಗಿ ತಗೋಬೇಕಂತ.’ ಮಗನಿಗೆ ಅವ್ವನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಸನ್ನೆ ಬರುವುದು ಬೇರೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಪೂರ್ತಿ ದಾಟಿಸುವುದು ಬೇರೆ.

ಬ್ರಿಟನ್ನಿನಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ಕಲಿಸುತ್ತಾರೆ. ಮೊದಲು ಬ್ರಿಟಿಷ್ ಸನ್ನೆ ಭಾಷೆಯಲ್ಲಿ 6ನೇ ಹಂತ, ಅಂದರೆ ಪದವಿ ಮಟ್ಟ, ಮುಟ್ಟಬೇಕು, ದುಭಾಷಿ ಕೋರ್ಸ್ ಆಮೇಲೆ. ಕೋರ್ಸಿನಲ್ಲಿರುವವರು ಎನ್‌ಆರ್‌ಸಿಪಿಡಿ ಎಂಬ ನೋಂದಣಿ ಸಂಸ್ಥೆಯಲ್ಲಿ ‘ಟ್ರೇನಿ’ ಎಂದು ಹೆಸರು ಬರೆಸಿ ಕೆಲಸ ಮಾಡಬಹುದು. ಆದರೆ ಕೋರ್ಟು, ಪೊಲೀಸ್ ಠಾಣೆ, ಮನೋರೋಗ ಚಿಕಿತ್ಸೆಯ ಕಡೆ ಅವರನ್ನು ಬಿಡುವುದಿಲ್ಲ. ಅಲ್ಲಿ ಒಂದು ತಪ್ಪಿಗೆ ಒಬ್ಬರ ಬದುಕೇ ಹೋದೀತು.

ಅಮೆರಿಕದಲ್ಲಿ 1964ರಲ್ಲಿ ಶುರುವಾದ ಆರ್‌ಐಡಿ ಎಂಬ ದುಭಾಷಿಗಳ ಸಂಸ್ಥೆ ಪರೀಕ್ಷೆ, ಪ್ರಮಾಣಪತ್ರಗಳನ್ನು ನೋಡಿಕೊಳ್ಳುತ್ತ ಬಂದಿದೆ. ಫಿನ್ಲೆಂಡಿನಲ್ಲಿ ದುಭಾಷಿ ವಿದ್ಯೆ ನಾಲ್ಕು ವರ್ಷದ ಪದವಿ. ಅಲ್ಲಿನ ನಮಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ ಬೇರೆ: ಕಿವುಡ ವ್ಯಕ್ತಿಗೆ ವರ್ಷಕ್ಕೆ ಕನಿಷ್ಠ 180 ಗಂಟೆ ದುಭಾಷಿ ಸೇವೆ ಹಕ್ಕಾಗಿ ಸಿಗುತ್ತದೆ, ಕಣ್ಣೂ ಕಾಣದವರಿಗೆ 360 ಗಂಟೆ. ಖರ್ಚು ಸರ್ಕಾರದ್ದು. ಕೆಲಸ ಖಾತ್ರಿಯಿದ್ದರೆ ಕಲಿಯುವ ಮಂದಿಯೂ ಬರುತ್ತಾರೆ.

ನಮ್ಮಲ್ಲಿ ಪಿಯುಸಿ ಮುಗಿಸಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆಯ, ಎರಡು ವರ್ಷದ ‘ಡಿಸ್ಲಿ’ ಎಂಬ ಸನ್ನೆ ಭಾಷೆ ದುಭಾಷಿ ಡಿಪ್ಲೊಮಾ ಇದೆ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದಲ್ಲೂ ಅದನ್ನು ಕಲಿಸುತ್ತಾರೆ. ಕಷ್ಟವೆಂದರೆ, ಭಾಷೆ ಮತ್ತು ದುಭಾಷಿ ವಿದ್ಯೆ ಎರಡೂ ಆ ಎರಡೇ ವರ್ಷದಲ್ಲಿ ಆಗಬೇಕು. ಆದ್ದರಿಂದ ಸೇರುವ ಮೊದಲೇ ಆರು ತಿಂಗಳಾದರೂ ಕಿವುಡರ ಜೊತೆ ಓಡಾಡಿ, ಕೈ ಪಳಗಿಸಿಕೊಳ್ಳಿ.

ಯೂಟ್ಯೂಬಿನಲ್ಲಿ ಕಲಿಯುವವರು ಎಡವುವುದು ಇಲ್ಲೇ. ಅಲ್ಲಿ ಧಾರಾಳವಾಗಿ ಸಿಗುವುದು ಅಮೆರಿಕದ ಸನ್ನೆ. ಅದರ ಅಕ್ಷರಮಾಲೆ ಒಂದೇ ಕೈಯದ್ದು, ನಮ್ಮದು ಎರಡು ಕೈಯದ್ದು. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ: ‘ನಿನ್ನ ಊರು ಯಾವುದು’ ಎನ್ನುವ ಹಾಗೆ. ಇಂಗ್ಲಿಷಿನ ಕ್ರಮಕ್ಕಿಂತ ಇದು ಕನ್ನಡದವರ ಕೈಗೆ ಬೇಗ ಕೂರುತ್ತದೆ.

ಶಾಲೆಯ ಮುಖ ನೋಡದೆ ಮನೆಯ ಸನ್ನೆಯಲ್ಲೇ ಬೆಳೆದವರು ಯಾದಗಿರಿ, ಬೀದರ್ ಕಡೆಯ ಹಳ್ಳಿಗಳಲ್ಲಿ ಸಿಗುತ್ತಾರೆ. ಡಿಪ್ಲೊಮಾದ ಸನ್ನೆ ಅವರಿಗೆ ಅರ್ಥವಾಗುವುದಿಲ್ಲ. ಇಂಥ ಕಡೆ ಅಮೆರಿಕದಲ್ಲಿ ಕಿವುಡ ದುಭಾಷಿಯೊಬ್ಬರನ್ನು ನಡುವೆ ಕೂರಿಸುತ್ತಾರೆ. ಕಿವಿ ಕೇಳಿಸುವ ದುಭಾಷಿ ಈ ಕಿವುಡ ದುಭಾಷಿಗೆ ಸನ್ನೆ ಮಾಡುತ್ತಾರೆ. ಕಿವುಡ ದುಭಾಷಿ ಚಿತ್ರ ಬರೆದು, ಅಭಿನಯಿಸಿ, ವಸ್ತು ತೋರಿಸಿ ಮನೆಯ ಸನ್ನೆಯವರಿಗೆ ತಿಳಿಯ ಹೇಳುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಹೇಳಿಕೆ ಆ ವ್ಯಕ್ತಿಯದ್ದೇ ಆಗಿರುತ್ತದೆ. ಮಾತನಾಡಲಾಗದ ಸಾಕ್ಷಿಯ ಹೇಳಿಕೆಗೆ ಕೋರ್ಟು ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು ನಮ್ಮ ಸಾಕ್ಷ್ಯ ಕಾನೂನೇ ಹೇಳುತ್ತದೆ. ಈ ನೆರವನ್ನು ನೆನಪಿಟ್ಟು ಕೇಳಿ ಪಡೆಯಿರಿ.

ದೀರ್ಘ ಸಭೆಗೆ ಒಬ್ಬರನ್ನೇ ಕರೆಯಬೇಡಿ. ಹೊರದೇಶಗಳಲ್ಲಿ ಇಬ್ಬರಿರುತ್ತಾರೆ, 15ರಿಂದ 20 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಎರಡನೆಯವರು ಎದುರಿಗೆ ಕೂತು, ತಪ್ಪಿದ ಅಂಕಿ, ಹೆಸರುಗಳನ್ನು ಹಿಡಿದು ಕೊಡುತ್ತಿರುತ್ತಾರೆ. ದಣಿದವರಿಗೆ ತಮ್ಮ ತಪ್ಪು ತಮಗೇ ಗೊತ್ತಾಗುವುದಿಲ್ಲ.

ದುಭಾಷಿಯ ಬೆನ್ನ ಹಿಂದೆ ಕಿಟಕಿ ಇರಬಾರದು. ಬೆಳಕಿಗೆ ಮುಖ, ಕೈ ಕಪ್ಪಾಗಿ ಕಾಣುತ್ತವೆ. ಹೂವಿನ ಅಂಗಿ ಬೇಡ, ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದು ಇರಲಿ. ಕೋರ್ಟಿನ ಕೆಲಸವಿದ್ದರೆ ಊರು, ಜನರ ಹೆಸರು, ಸರ್ವೆ ನಂಬರುಗಳ ಪಟ್ಟಿಯನ್ನು ಹಿಂದಿನ ದಿನವೇ ಕಳಿಸಿ. ಹುಮನಾಬಾದ್ ಎಂಬುದನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬೆರಳಿನಿಂದ ಬಿಡಿಸಲು 8 ಅಕ್ಷರ ಬೇಕು. ಅಷ್ಟರಲ್ಲಿ ವಕೀಲರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ.