ಮೂರಕ್ಕೆ ಮೂರೂ ಸೋತ ಆ ವರ್ಲ್ಡ್ ಕಪ್

ಬೆಳಿಗ್ಗೆ ಏಳೂವರೆಗೆ ನಮ್ಮ ಪ್ರಾಕ್ಟೀಸ್ ಮುಗಿಯುತ್ತದೆ. ಹುಡುಗರು ಬೂಟು ಬಿಚ್ಚಿ ಕಟ್ಟೆಗೆ ಬಡಿದು ಮಣ್ಣು ಉದುರಿಸುತ್ತಾರೆ. ನಾನು ರಸ್ತೆ ದಾಟಿ ಚಹಾದಂಗಡಿ ಮುಂದೆ ನಿಲ್ಲುತ್ತೇನೆ. ಈ ಪ್ರಶ್ನೆ ಬರುವುದು ಅಲ್ಲೇ. ಒಂದು ದಿನ ಮಗನನ್ನು ಕರೆದೊಯ್ಯಲು ಬಂದ ಅಪ್ಪ ಕೇಳುತ್ತಾರೆ, ಇನ್ನೊಂದು ದಿನ ವಾಕಿಂಗ್ ಮುಗಿಸಿ ಬಂದ ರಿಟೈರ್ಡ್ ಮಾಸ್ತರು. ಚಹಾ ಸೋಸುವ ಕಾಕಾ ಕೂಡ ಎರಡು ಸಲ ಕೇಳಿದ್ದಾರೆ.

"ಸರ, 2017ರಾಗ ನಮ್ಮ ದೇಶದಾಗ ಹುಡುಗೂರ ವರ್ಲ್ಡ್ ಕಪ್ ಆತಲ್ರೀ. ನಮ್ಮವ್ರು ಮೂರಕ್ಕ ಮೂರೂ ಸೋತ್ರು. ನೀವು ಇನ್ನೂ ಅದರ ಮಾತೇ ಆಡ್ತೀರಿ. ಅದರಿಂದ ಏನ್ ಬಂತ್ರೀ?"

ನಾನು ಹುಬ್ಬಳ್ಳಿಯಲ್ಲಿ ಶಾಲೆ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಈ ಕೆಲಸ ಹಿಡಿದು ಹದಿನೈದು ವರ್ಷ ದಾಟಿತು. ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಈ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ಸೋತದ್ದು ನಿಜ. ಅದು ಫಿಫಾದ 17 ವರ್ಷದೊಳಗಿನವರ ವಿಶ್ವಕಪ್. 2017ರ ಅಕ್ಟೋಬರ್ 6ರಿಂದ 28ರವರೆಗೆ ನಡೆಯಿತು. 24 ದೇಶಗಳು ಬಂದಿದ್ದವು. ಮೊದಲ ಮ್ಯಾಚಿನಲ್ಲಿ ಅಮೆರಿಕ ನಮ್ಮನ್ನು 3–0ರಿಂದ ಸೋಲಿಸಿತು. ಆಮೇಲೆ ಕೊಲಂಬಿಯಾ ಎದುರು 1–2, ಘಾನಾ ಎದುರು 0–4. ಅಲ್ಲಿಗೆ ನಮ್ಮ ಆಟ ಮುಗಿಯಿತು. ಪೇಪರಿನಲ್ಲಿ ಓದಿದವರಿಗೆ ಇಷ್ಟೇ ನೆನಪು. ನನ್ನ ನೆನಪು ಬೇರೆ.

ಅಕ್ಟೋಬರ್ 9, ಕೊಲಂಬಿಯಾ ಮ್ಯಾಚು. ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ಹುಡುಗರು ಚಾಪೆ ಮೇಲೆ ಕೂತಿದ್ದರು. ಮೊದಲರ್ಧ ಮುಗಿಯುವ ಹೊತ್ತಿಗೆ ಕೇರಳದ ರಾಹುಲ್ ಎಡಗಾಲಲ್ಲಿ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು. ಎರಡನೇ ಅರ್ಧ ಶುರುವಾಗಿ ನಾಲ್ಕು ನಿಮಿಷ ಆಗಿರಬೇಕು, ಕೊಲಂಬಿಯಾದ ಪೆನ್ಯಾಲೋಸಾ ಗೋಲು ಹೊಡೆದ. ಆದರೂ ನಮ್ಮವರು ತಲೆ ತಗ್ಗಿಸಲಿಲ್ಲ. 82ನೇ ನಿಮಿಷಕ್ಕೆ ನಮಗೊಂದು ಕಾರ್ನರ್ ಸಿಕ್ಕಿತು. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಚೆಂಡು ಎತ್ತಿ ಹಾಕಿದ. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ಹೆಡ್ ಮಾಡಿದ. ಗೋಲು! ಫಿಫಾದ ವಿಶ್ವಕಪ್ಪೊಂದರಲ್ಲಿ ಭಾರತ ಹೊಡೆದ ಮೊಟ್ಟಮೊದಲ ಗೋಲು ಅದು. ನಮ್ಮ ಕೂಗಿಗೆ ಎದುರುಮನೆಯ ಅಜ್ಜ ಏನಾಯಿತೋ ಎಂದು ಹೊರಗೆ ಬಂದರು.

ಮರು ನಿಮಿಷವೇ ಪೆನ್ಯಾಲೋಸಾ ಇನ್ನೊಂದು ಗೋಲು ಹೊಡೆದ. ಪಡಸಾಲೆ ಗಪ್ಪಾಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹುಡುಗರಲ್ಲಿ ದಮ್ಮು ಇತ್ತು, ಧೈರ್ಯ ಇತ್ತು. ಇಲ್ಲದ್ದು ಮ್ಯಾಚಿನ ಅನುಭವ. ಗೋಲು ಹೊಡೆದ ಮೇಲಿನ ಎರಡು ನಿಮಿಷ ಎಷ್ಟು ಅಪಾಯದ್ದು ಅಂತ ನೂರಾರು ಮ್ಯಾಚು ಆಡಿದವನಿಗೆ ಕಾಲಿಗೇ ಗೊತ್ತಿರುತ್ತದೆ. ಬಾಯಿಂದ ಹೇಳಿದರೆ ಅದು ಬರುವುದಿಲ್ಲ. ಮರುದಿನದಿಂದ ನಮ್ಮ ಗ್ರೌಂಡಿನಲ್ಲಿ ಒಂದು ಕಟ್ಟಳೆ ಮಾಡಿದೆ. ಗೋಲು ಹೊಡೆದವನು ಓಡಿ ತನ್ನ ಜಾಗಕ್ಕೆ ಬರಬೇಕು, ತಾನು ಯಾರನ್ನು ಹಿಡಿಯುತ್ತೇನೆ ಅಂತ ಗಟ್ಟಿಯಾಗಿ ಹೆಸರು ಹೇಳಬೇಕು. ಹೇಳುವವರೆಗೂ ಆಟ ಮುಂದುವರಿಯುವುದಿಲ್ಲ. ಇವತ್ತಿಗೂ ಹಾಗೇ ನಡೆದಿದೆ. ಹೊಸದಾಗಿ ಸೇರಿದ ಆರನೇ ಕ್ಲಾಸಿನ ಪುಟ್ಟ ಹುಡುಗ ಕೂಡ ಗೋಲು ಹೊಡೆದು, ಏದುಸಿರಲ್ಲೇ ಎದುರಾಳಿಯ ಹೆಸರು ಕೂಗುತ್ತಾನೆ.

ಆ ವರ್ಲ್ಡ್ ಕಪ್ಪಿನ ಆರು ಊರುಗಳಲ್ಲಿ ನಮಗೆ ಹತ್ತಿರದ್ದು ಗೋವಾ. ಮಡಗಾಂವ್ ಪಕ್ಕದ ಫತೋರ್ಡಾ ಸ್ಟೇಡಿಯಂ. ಅಕ್ಟೋಬರ್ 21ರಂದು ಅಲ್ಲಿ ಅಮೆರಿಕ–ಇಂಗ್ಲೆಂಡ್ ಕ್ವಾರ್ಟರ್ ಫೈನಲ್ ಇತ್ತು. ಆ ವರ್ಷ ಅದರ ಹಿಂದಿನ ದಿನವೇ ದೀಪಾವಳಿ ಪಾಡ್ಯ. ಮನೆ ಮುಂದೆ ಸಗಣಿಯ ಪಾಂಡವರನ್ನು ಇಟ್ಟು, ಪೂಜೆ ಮುಗಿಸಿ, ರಾತ್ರಿ ಐದು ಹುಡುಗರನ್ನು ಕರೆದುಕೊಂಡು ರೈಲು ಹತ್ತಿದೆ. ಅವರ ಅವ್ವಂದಿರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಬ್ಬದ ಕರ್ಚಿಕಾಯಿ ಕಟ್ಟಿಕೊಟ್ಟಿದ್ದರು. ಲೋಂಡಾ ದಾಟಿ, ಕ್ಯಾಸಲ್ ರಾಕ್ ದಾಟಿ ಘಟ್ಟ ಇಳಿಯುವಾಗ ಕತ್ತಲಲ್ಲಿ ದೂಧಸಾಗರ ಕಾಣಲಿಲ್ಲ. ಸದ್ದು ಮಾತ್ರ ಕೇಳಿತು. ಹುಡುಗರು ಒಬ್ಬರೂ ಮಲಗಲಿಲ್ಲ.

ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್ ಹುಡುಗ, ಆಗ ಎಂಟನೇ ಕ್ಲಾಸು. ಅವನ ಅಪ್ಪ ಸಂಜೆ ಮಿರ್ಚಿ, ಗಿರಮಿಟ್ ಗಾಡಿ ಹಚ್ಚುತ್ತಾರೆ. ಸ್ಟೇಡಿಯಂ ಒಳಗೆ ಹೋದಾಗಿನಿಂದ ಆ ಹುಡುಗ ಆಟ ನೋಡಲೇ ಇಲ್ಲ. ಗೋಲ್‌ಕೀಪರನ ಕಾಲನ್ನೇ ನೋಡುತ್ತಿದ್ದ. ಮ್ಯಾಚಿಗೆ ಮುಂಚೆ ಕೀಪರ್‌ಗಳು ಸಣ್ಣ ಸಣ್ಣ ಹೆಜ್ಜೆ ಇಟ್ಟು ಅಡ್ಡಕ್ಕೆ ಸರಿಯುತ್ತಿದ್ದರು. ಕಾಲು ಕೂಡಿಸುತ್ತಿರಲಿಲ್ಲ, ಒಂದರ ಮೇಲೊಂದು ದಾಟಿಸುತ್ತಿರಲಿಲ್ಲ. "ಸರ, ನಾ ಕಾಲು ದಾಟಸ್ತೀನಿ, ಅದಕ್ಕ ಬೀಳ್ತೀನಿ" ಎಂದ. ಎರಡು ವರ್ಷದಿಂದ ನಾನು ಹೇಳಿ ಹೇಳಿ ಸೋತಿದ್ದ ಮಾತು. ಹತ್ತು ನಿಮಿಷ ನೋಡಿ ತಾನೇ ಕಂಡುಕೊಂಡ.

ಮ್ಯಾಚಿನಲ್ಲಿ ಇಂಗ್ಲೆಂಡಿನ ರಿಯಾನ್ ಬ್ರೂಸ್ಟರ್ ಮೊದಲ ಕಾಲು ಗಂಟೆಯೊಳಗೆ ಎರಡು ಗೋಲು ಹೊಡೆದ. ಕೊನೆಗೆ ಪೆನಾಲ್ಟಿಯಲ್ಲಿ ಮೂರನೆಯದು. 4–1. ಮುಂದೆ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಮೇಲೂ ಅವನದೇ ಮೂರು ಗೋಲು. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್. ಸ್ಪೇನ್ 2–0 ಮುಂದಿತ್ತು. ಅಲ್ಲಿಂದ ಎದ್ದು ಇಂಗ್ಲೆಂಡ್ 5–2ರಿಂದ ಗೆದ್ದಿತು. ಫಿಲ್ ಫೋಡನ್ ಎರಡು ಗೋಲು ಹೊಡೆದ, ಟೂರ್ನಿಯ ಬೆಸ್ಟ್ ಪ್ಲೇಯರ್ ಆದ. ಬ್ರೂಸ್ಟರ್ 8 ಗೋಲಿಗೆ ಗೋಲ್ಡನ್ ಬೂಟ್ ಪಡೆದ. ಮೂರನೇ ಜಾಗಕ್ಕೆ ಬ್ರೆಜಿಲ್ 2–0ರಿಂದ ಮಾಲಿಯನ್ನು ಸೋಲಿಸಿತು. ಒಟ್ಟು 52 ಮ್ಯಾಚಿಗೆ 13 ಲಕ್ಷ 47 ಸಾವಿರ ಜನ ಬಂದಿದ್ದರು. ಈ ವಯಸ್ಸಿನವರ ವಿಶ್ವಕಪ್ಪಿನಲ್ಲಿ ಅದು ದಾಖಲೆ. ನಮ್ಮ ಜನ ಫುಟ್‌ಬಾಲ್ ನೋಡುವುದಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಈಗ "ಏನ್ ಬಂತು" ಅನ್ನುವುದಕ್ಕೆ ಬರುತ್ತೇನೆ.

ಹದಿನೇಳು ವರ್ಷದೊಳಗಿನವರ ಕಪ್ಪಿನ ಫಲಿತಾಂಶ ಅಂದರೆ ಮಾರ್ಕ್ಸ್ ಕಾರ್ಡ್ ಅಲ್ಲ. ಫೋಡನ್ ಮ್ಯಾಂಚೆಸ್ಟರ್ ಸಿಟಿಯಲ್ಲಿ ಬೆಳೆದು ದೊಡ್ಡ ಆಟಗಾರನಾದ. ಅವನೂ, ಫೈನಲ್‌ನಲ್ಲಿ ಗೋಲು ಹೊಡೆದಿದ್ದ ಮಾರ್ಕ್ ಗೇಹಿಯೂ 2024ರಲ್ಲಿ ಯುರೋಪಿನ ದೇಶಗಳ ಯೂರೋ ಕಪ್ ಫೈನಲ್ ಆಡಿದರು. ಅದೇ ಸ್ಪೇನ್ ಎದುರು. ಈ ಸಲ ಸೋತರು. ಆದರೆ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದ ಬ್ರೂಸ್ಟರ್? ಶೆಫೀಲ್ಡ್ ಯುನೈಟೆಡ್ ಕ್ಲಬ್ಬು ಅವನನ್ನು ಭಾರೀ ಬೆಲೆಗೆ ಕೊಂಡಿತು. ಮೊದಲ ಸೀಸನ್ನಿನಲ್ಲಿ ಅವನು ಒಂದೂ ಗೋಲು ಹೊಡೆಯಲಿಲ್ಲ. ಆಮೇಲೆ ಗಾಯಗಳು ಅವನನ್ನು ಬಿಡಲಿಲ್ಲ. ಇನ್ನು ಬ್ರೆಜಿಲ್‌ನ ವಿನಿಸಿಯಸ್ ಜೂನಿಯರ್. ಅವನ ಕ್ಲಬ್ ಬಿಟ್ಟುಕೊಡದೆ ಅವನು ಭಾರತಕ್ಕೇ ಬರಲಿಲ್ಲ. ಆ ಕಪ್ಪಿನ ಲೆಕ್ಕದಲ್ಲಿ ಅವನ ಹೆಸರೇ ಇಲ್ಲ. ಇವತ್ತು ಅವನ ಹೆಸರು ಗೊತ್ತಿಲ್ಲದ ಹುಡುಗ ನಮ್ಮ ಗ್ರೌಂಡಿನಲ್ಲಿ ಒಬ್ಬನೂ ಇಲ್ಲ. ಫತೋರ್ಡಾದಲ್ಲಿ ಸೋತು ಹೋದ ಅಮೆರಿಕ ತಂಡದ ತಿಮೋತಿ ವಿಯಾ, ಸೆರ್ಜಿನ್ಯೊ ಡೆಸ್ಟ್ ಐದು ವರ್ಷದ ನಂತರ ದೊಡ್ಡವರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಎದುರು ಇಳಿದರು. ಆ ಮ್ಯಾಚು 0–0.

ನಮ್ಮವರೂ ಅಷ್ಟೇ. ಜೀಕ್ಸನ್ ಭಾರತದ ಸೀನಿಯರ್ ತಂಡಕ್ಕೆ ಬಂದ. ಸುರೇಶ್ ಸಿಂಗ್ ಬೆಂಗಳೂರು ಎಫ್‌ಸಿಯಲ್ಲಿ ಆಡಿದ. ಅನ್ವರ್ ಅಲಿಯ ಕಥೆ ಹೇಳುವಾಗ ನನ್ನ ದನಿ ಏರುತ್ತದೆ. ಅಮೆರಿಕ ಎದುರು ಅವನು ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದಿತ್ತು. 2019ರಲ್ಲಿ ಅವನ ಹೃದಯದಲ್ಲಿ ತೊಂದರೆ ಇದೆ ಅಂತ ಗೊತ್ತಾಯಿತು. ಆಟ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಅವನು ಬಿಡಲಿಲ್ಲ, ಮತ್ತೆ ಆಡಿ ದೇಶದ ತಂಡಕ್ಕೆ ಬಂದ. 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಭಾರತ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿತಲ್ಲ, ಆ ತಂಡದಲ್ಲಿ ಜೀಕ್ಸನ್ ಇದ್ದ, ಅನ್ವರ್ ಇದ್ದ. ಮೂರಕ್ಕೆ ಮೂರೂ ಸೋತ ಹುಡುಗರು ಅವರೇ.

ಹಾಗಾದರೆ ಆಗ ಯಾಕೆ ಸೋತರು? ಇಂಗ್ಲೆಂಡಿನವರು 2012ರಲ್ಲೇ ತಮ್ಮ ಕ್ಲಬ್ಬುಗಳ ಅಕಾಡೆಮಿಗಳನ್ನು ಪೂರ್ತಿ ಹೊಸದಾಗಿ ಕಟ್ಟಿದರು. ಆಗ ಫೋಡನ್ ವಯಸ್ಸಿನ ಹುಡುಗರಿಗೆ ಹನ್ನೆರಡು. ವಾರವಾರ ಒಳ್ಳೆಯ ಎದುರಾಳಿ, ವಾರವಾರ ಮ್ಯಾಚು. ನಮ್ಮ ತಂಡಕ್ಕೆ ಕೋಚ್ ಲೂಯಿಸ್ ನಾರ್ಟನ್ ಡಿ ಮಾಟೋಸ್ ಬಂದದ್ದೇ 2017ರಲ್ಲಿ, ಕಪ್ ಶುರುವಾಗಲು ಕೆಲವೇ ತಿಂಗಳಿದ್ದಾಗ. ಹುಡುಗರದ್ದೇನು ತಪ್ಪು?

ವಯಸ್ಸಿನ ಮಾತು ಬಂತು, ಒಂದು ವಿಷಯ ಹೇಳಲೇಬೇಕು. "ಸರ, ಒಂದ್ ವರ್ಷ ಕಡಿಮಿ ಮಾಡಿಸಿದ್ರ ಟೀಮಿನ್ಯಾಗ ಬರ್ತಾನೇನ್ರೀ?" ಎಂದು ಕೇಳುವ ಅಪ್ಪಂದಿರಿದ್ದಾರೆ. ನಮ್ಮ ಕಾಲದಲ್ಲಿ ಅರ್ಧ ಕ್ಲಾಸಿನ ಜನ್ಮದಿನ ಜೂನ್ 1 ಇತ್ತು, ಮಾಸ್ತರು ಬರೆದುಕೊಂಡದ್ದೇ ದಿನಾಂಕ. ಈಗ ಅದು ನಡೆಯುವುದಿಲ್ಲ. 2009ರಿಂದ ಫಿಫಾ ಈ ಕಪ್ಪಿಗೆ ಬರುವ ಹುಡುಗರ ಮಣಿಕಟ್ಟಿನ ಎಂಆರ್‌ಐ ತೆಗೆಸುತ್ತದೆ. ಎಲುಬು ಪೂರ್ತಿ ಕೂಡಿದ್ದರೆ ಹುಡುಗ ಹದಿನೇಳು ದಾಟಿದ್ದಾನೆ ಅಂತ ಹೇಳುತ್ತಾರೆ. ದಯವಿಟ್ಟು ಮಗನಿಗೆ ಸುಳ್ಳು ವಯಸ್ಸು ಕೊಡಿಸಬೇಡಿ.

ಆದರೆ ನನ್ನ ನಿಜವಾದ ಉತ್ತರ ಇದೆಲ್ಲ ಅಲ್ಲ. ಹದಿನಾರು, ಹದಿನೇಳು ವರ್ಷ ಅಂದರೆ ನಮ್ಮಲ್ಲಿ ಏನು ಹೇಳಿ? ಎಸ್ಸೆಸ್ಸೆಲ್ಸಿ, ಪಿಯುಸಿ. ನನ್ನ ಹತ್ತಿರ ಎಂಟನೇ ಕ್ಲಾಸಿನಲ್ಲಿ ಮೂವತ್ತು ಹುಡುಗರು ಬರುತ್ತಾರೆ. ಹತ್ತನೇ ಕ್ಲಾಸಿನ ದಸರಾ ರಜೆ ಮುಗಿಯುವ ಹೊತ್ತಿಗೆ ಏಳೆಂಟು ಜನ ಉಳಿದಿರುತ್ತಾರೆ. ಪಿಯುಸಿಗೆ ಇಬ್ಬರು. ಬೆಳಿಗ್ಗೆ ಆರಕ್ಕೇ ಟ್ಯೂಷನ್ ಶುರು. ಬೂಟು ತಮ್ಮನಿಗೆ ಹೋಗುತ್ತದೆ. ಜಗತ್ತು ಯಾವ ವಯಸ್ಸಿನ ಹುಡುಗರಿಗೆ ವಿಶ್ವಕಪ್ ಆಡಿಸುತ್ತದೋ ಅದೇ ವಯಸ್ಸಿಗೆ ನಾವು ನಮ್ಮ ಹುಡುಗರ ಆಟ ಬಿಡಿಸುತ್ತೇವೆ. ಆ ವರ್ಲ್ಡ್ ಕಪ್ ನನಗೆ ಇದನ್ನು ಕಣ್ಣೆದುರು ತೋರಿಸಿತು. ಓದು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ದಿನಕ್ಕೆ ಒಂದು ಗಂಟೆ ಉಳಿಸಿ ಅಂತ ಮನೆಮನೆಗೆ ಹೋಗಿ ಕೇಳಿಕೊಂಡಿದ್ದೇನೆ. ಕೆಲವರು ಒಪ್ಪಿದ್ದಾರೆ. ಜಾಸ್ತಿ ಜನ ಒಪ್ಪಿಲ್ಲ.

ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. 2022ರಲ್ಲಿ ಹುಡುಗಿಯರ 17ರ ವಿಶ್ವಕಪ್ ಕೂಡ ಭಾರತದಲ್ಲೇ ಆಯಿತು. ಅಮೆರಿಕ ಎದುರು 0–8, ಮೊರೊಕ್ಕೊ ಎದುರು 0–3, ಬ್ರೆಜಿಲ್ ಎದುರು 0–5. ಫೈನಲ್‌ನಲ್ಲಿ ಸ್ಪೇನ್ 1–0ರಿಂದ ಕೊಲಂಬಿಯಾವನ್ನು ಸೋಲಿಸಿತು. 0–8 ಅಂತ ಕೇಳಿ ಚಹಾದಂಗಡಿಯಲ್ಲಿ ನಕ್ಕವರಿದ್ದರು. ನನಗೆ ಸಿಟ್ಟು ಬಂತು. ಎಂಟು ಗೋಲು ತಿಂದು ಮೂರು ದಿನಕ್ಕೆ ಮತ್ತೆ ಮೈದಾನಕ್ಕಿಳಿದ ಹುಡುಗಿಯರು ಅವರು. ಈಗ ನಮ್ಮಲ್ಲಿ ನಾಲ್ವರು ಹುಡುಗಿಯರು ಬರುತ್ತಾರೆ. ಮೊದಲು ಒಬ್ಬಳೂ ಇರಲಿಲ್ಲ.

ನಮ್ಮ ಆ ಗೋಲಿ ಹುಡುಗನೂ ಹತ್ತನೇ ಕ್ಲಾಸಿನಲ್ಲಿ ಬಿಟ್ಟ. ಒಳ್ಳೆಯ ಮಾರ್ಕ್ಸ್ ಬಂತು, ಡಿಪ್ಲೊಮಾ ಸೇರಿದ. ಸಂಜೆ ಅಪ್ಪನ ಗಾಡಿ ಹತ್ತಿರ ಸಿಕ್ಕಾಗ ಮುಖ ತಪ್ಪಿಸುತ್ತಿದ್ದ. ನಾಲ್ಕು ವರ್ಷ ಗ್ರೌಂಡಿನ ಕಡೆ ಬರಲಿಲ್ಲ. ಆಮೇಲೆ ಒಂದು ಭಾನುವಾರ ತಾನಾಗಿಯೇ ಬಂದು ಪೋಸ್ಟಿನ ಹಿಂದೆ ನಿಂತ. ನಾನು ಏನೂ ಕೇಳಲಿಲ್ಲ, ಗ್ಲೌಸ್ ಕೊಟ್ಟೆ. ಈಗ ಕೆಲಸಕ್ಕೆ ಹೋಗುತ್ತಾನೆ, ಭಾನುವಾರ ಸಣ್ಣ ಮಕ್ಕಳಿಗೆ ಕೀಪಿಂಗ್ ಕಲಿಸುತ್ತಾನೆ.

ಹೋದ ಭಾನುವಾರ ಹಿಮ್ಮಡಿಯಿಂದ ಮಣ್ಣಿನ ಮೇಲೆ ಎರಡು ಗೆರೆ ಎಳೆದು, ಏಳನೇ ಕ್ಲಾಸಿನ ಹುಡುಗನೊಬ್ಬನನ್ನು ನಡುವೆ ನಿಲ್ಲಿಸಿದ್ದ. "ಸಣ್ ಸಣ್ ಹೆಜ್ಜಿ ಇಡು. ಕಾಲು ದಾಟಸಬ್ಯಾಡ" ಎನ್ನುತ್ತಿದ್ದ. ಹುಡುಗನ ಅವ್ವ ತಂತಿಬೇಲಿ ಆಚೆ ನಿಂತು ನೋಡುತ್ತಿದ್ದರು. ಆಟ ಮುಗಿದ ಮೇಲೆ ನನ್ನ ಹತ್ತಿರ ಬರಲಿಲ್ಲ, ನೇರ ಅವನ ಹತ್ತಿರ ಹೋದರು.

"ತಮ್ಮಾ, ಹತ್ತನೇತ್ತಾ ಬಂದ ಮ್ಯಾಲೂ ಇವನ್ನ ಕಳಸಬೇಕೇನೋ?"

"ಕಳಸ್ರೀ ಅಕ್ಕಾರ" ಎಂದ. "ನಾ ಬಿಟ್ಟಿದ್ದೆ."