ಹದಿನೈದು ಡಾಲರ್‌ನ ಬಾಟಲಿ

"ಹದಿನೈದಕ್ಕೆ ನನ್ನ ಕೈಲಿ ಮಾಡೋಕಾಗಲ್ಲಮ್ಮ."

ಪಕ್ಕದ ಮನೆ ಅಜ್ಜ ಹೇಳಿದ್ದು ಇಷ್ಟೇ. 'ಅಮ್ಮ' ಅನ್ನೋದನ್ನ ನಾನೇ ಸೇರಿಸಿದ್ದು. ಅವರು ಇಂಗ್ಲಿಷಿನಲ್ಲಿ ಹೇಳಿದರು, ಆದರೆ ದನಿ ಹಾಗೇ ಇತ್ತು. ಕೋಪ ಇಲ್ಲ, ಕುಹಕ ಇಲ್ಲ. ನಾನು ಮಾರೋಕೆ ಇಟ್ಟಿದ್ದ ಮೇಪಲ್ ಸಿರಪ್ ಬಾಟಲಿ ಎತ್ತಿ ಬಿಸಿಲಿಗೆ ಹಿಡಿದರು. ರಟ್ಟಿನ ಮೇಲೆ ನಾನು ಬರೆದಿಟ್ಟ ಬೆಲೆ ನೋಡಿದರು. ಎತ್ತಿದ ಜಾಗದಲ್ಲೇ ಬಾಟಲಿ ಇಟ್ಟು, ಟೋಪಿ ಸರಿ ಮಾಡಿಕೊಂಡು ಹೊರಟುಬಿಟ್ಟರು. ಇದಾಗಿದ್ದು ಮಂಗಳವಾರ. ಇವತ್ತಿಗೂ ಪಾತ್ರೆ ತೊಳೆಯುವಾಗ ಅದೇ ನೆನಪಾಗುತ್ತೆ. ಅದರಲ್ಲೂ ಬಾಟಲಿಯನ್ನು ಅಷ್ಟು ಮೆತ್ತಗೆ ಇಟ್ಟಿದ್ದು.

ಅಮೆರಿಕದ ವರ್ಮಾಂಟ್‌ಗೆ ಬಂದು ಇಷ್ಟು ವರ್ಷವಾದರೂ ಮೇಪಲ್ ಸಿರಪ್ ಮಾಡಿದ್ದು ಇದೇ ಮೊದಲು. ಹಿತ್ತಿಲಲ್ಲಿ 9 ಮೇಪಲ್ ಮರ ಇವೆ. ದಪ್ಪ ಇರೋ ಮೂರಕ್ಕೆ ಎರಡೆರಡು, ಉಳಿದವಕ್ಕೆ ಒಂದೊಂದು ತೂತು, ಒಟ್ಟು 12. ಮಾರ್ಚ್ ಮೊದಲ ಮಂಗಳವಾರ ಇಲ್ಲಿ ಊರಿನ ಸಭೆ. ಮರಕ್ಕೆ ತೂತು ಕೊರೆಯೋಕೆ ಹಳಬರು ಇಟ್ಟುಕೊಂಡ ಲೆಕ್ಕ ಅದು. ರಾತ್ರಿ ನೀರು ಹೆಪ್ಪುಗಟ್ಟಬೇಕು, ಹಗಲು ಕರಗಬೇಕು, ಆಗ ಮಾತ್ರ ರಸ ಇಳಿಯುತ್ತೆ. ನೋಡೋಕೆ ಬರೀ ನೀರು. ಸಕ್ಕರೆ ಇರೋದು ನೂರಕ್ಕೆ ಎರಡು ಪಾಲು ಅಷ್ಟೆ. 40 ಗ್ಯಾಲನ್ ರಸ ಕುದಿಸಿದರೆ 1 ಗ್ಯಾಲನ್ ಸಿರಪ್. ನಮಗೆ ಸಿಕ್ಕಿದ್ದು ಮೂರು ಗ್ಯಾಲನ್, ಅಂದರೆ 12 ಕ್ವಾರ್ಟ್ ಬಾಟಲಿ. ಒಂದು ಕ್ವಾರ್ಟ್ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ.

ನಾನು ಶಿರಸಿ ಕಡೆಯವಳು. ಕುದಿಸೋಕೆ ನಿಂತ ಮೇಲೆ ಇದು ಆಲೆಮನೆಯೇ ಅನ್ನಿಸಿಬಿಟ್ಟಿತು. ಅದೇ ಹೊಗೆ, ಅದೇ ಆವಿ, ಅದೇ ಕಾಯೋ ಕೆಲಸ. ನೊರೆ ಉಕ್ಕಿ ಬಂದರೆ ಚೂರು ಬೆಣ್ಣೆ ಹಾಕಿದರಾಯಿತು, ಇಳಿದುಹೋಗುತ್ತೆ. ಥರ್ಮಾಮೀಟರ್ 104 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಪಾಕ ಆಯಿತು ಅಂತಾರೆ. ನಾನು ನಂಬಿದ್ದು ಸೌಟನ್ನೇ. ಎತ್ತಿ ಹಿಡಿದಾಗ ಹನಿ ಹನಿಯಾಗಿ ಬೀಳಬಾರದು, ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಪರದೆ ಹಾಗೆ ಇಳಿಬೀಳಬೇಕು. ಒಂದು ನಿಮಿಷ ಮೈಮರೆತರೆ ಕರಟಿ ಹೋಗುತ್ತೆ. ಎರಡನೇ ವಾರ ಹಾಗೆ ಆಗೇಬಿಡ್ತಿತ್ತು, ಪುಣ್ಯಕ್ಕೆ ತಪ್ಪಿತು.

ಏಪ್ರಿಲ್‌ನಲ್ಲಿ ಕಪ್ಪೆ ವಟಗುಟ್ಟೋಕೆ ಶುರು ಮಾಡಿದರೆ ಸೀಸನ್ ಮುಗಿದ ಹಾಗೆ. ಮರ ಮೊಗ್ಗು ಬಿಟ್ಟ ಮೇಲೆ ರಸಕ್ಕೆ ಏನೋ ಒಂಥರಾ ರುಚಿ ಬರುತ್ತೆ. ನಾಲ್ಕು ಬಾಟಲಿ ಮನೆಗೆ ಇಟ್ಟುಕೊಂಡು ಉಳಿದ ಎಂಟನ್ನು ಗೇಟಿನ ಹತ್ತಿರ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ದುಡ್ಡಿನ ಡಬ್ಬಿ. ಇಲ್ಲಿ ಹಾಗೆ ಇಡ್ತಾರೆ, ಯಾರೂ ಕದಿಯಲ್ಲ.

ಬೆಲೆ ಬರೆಯುವಾಗ ಕೈ ನಡುಗಿತು. ನಿಜವಾಗಿ. ಪಕ್ಕದ ಮನೆ ಅಜ್ಜನೂ ಸಿರಪ್ ಮಾಡಿ ಮಾರೋರು, ಅವರ ಬೋರ್ಡಿನಲ್ಲಿ ಕ್ವಾರ್ಟಿಗೆ 24 ಡಾಲರ್ ಅಂತ ಇದ್ದದ್ದು ನನಗೆ ಗೊತ್ತಿತ್ತು. ಆದರೆ ನಮ್ಮದೇ ಮರ, ಗಾಳಿಗೆ ಬಿದ್ದ ಕಟ್ಟಿಗೆ, ಶನಿವಾರ ಭಾನುವಾರ ಸುಮ್ನೆ ಕೂತು ಮಾಡಿದ್ದು. ಇದಕ್ಕೆ ಅಷ್ಟೊಂದು ಕೇಳೋಕೆ ನಾಚಿಕೆ. 15 ಅಂತ ಬರೆದೆ.

ಮೊದಲ ಗಿರಾಕಿ ಮ್ಯಾಸಚೂಸೆಟ್ಸ್ ನಂಬರಿನ ದೊಡ್ಡ ಕಾರಿನಲ್ಲಿ ಬಂದವನು. ನಾನು ಅಲ್ಲೇ ನಿಂತಿದ್ದೆ. ಎರಡಕ್ಕೆ 25 ಮಾಡ್ಕೊಳ್ಳಿ ಅಂದ! ಇಲ್ಲಿನವರು ಚೌಕಾಸಿ ಮಾಡಲ್ಲ ಅಂತ ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಆ ಕಾರಿಗೆ ಒಂದು ಸಲ ಪೆಟ್ರೋಲ್ ಹಾಕಿಸೋ ದುಡ್ಡಲ್ಲಿ ಮೂರು ಬಾಟಲಿ ಬರುತ್ತೆ. ಆದರೂ ಕೊಟ್ಟೆ, ಜೊತೆಗೆ ನಗುನಗುತ್ತಾ ಥ್ಯಾಂಕ್ಸ್ ಬೇರೆ. ಇನ್ನೊಂದು ಬಾಟಲಿ ಅಂಚೆ ತರೋ ಹೆಂಗಸು ತಗೊಂಡಳು, ಪೂರ್ತಿ ಬೆಲೆ ಕೊಟ್ಟು. ಅವಳು ಬಂಗಾರದಂಥವಳು.

ಆಮೇಲೆ ಬಂದವರು ಅಜ್ಜ.

ರಾತ್ರಿ ಗಂಡನಿಗೆ ಹೇಳಿದೆ. ಅವನು ಎಂಥವನು ಅಂದರೆ, ದುಃಖ ತೋಡಿಕೊಂಡರೂ ಎಕ್ಸೆಲ್ ತೆರೀತಾನೆ. ಕುದಿಸಿದ್ದು, ಬಕೆಟ್ ಹೊತ್ತಿದ್ದು, ಸೋಸಿದ್ದು, ಬಾಟಲಿ ತುಂಬಿದ್ದು ಎಲ್ಲ ಸೇರಿ 40 ಗಂಟೆ ಅಂತ ಹಾಕಿದ. ಈ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 14 ಡಾಲರ್ ಹಿಡಿದ. ಬರೀ ಕೂಲಿಯೇ ಬಾಟಲಿಗೆ 46 ಡಾಲರ್ ಚಿಲ್ಲರೆ. ಗಾಜಿನ ಬಾಟಲಿ, ಬಕೆಟ್ಟು, ನಲ್ಲಿ ಎಲ್ಲ ಸೇರಿಸಿದರೆ 50 ದಾಟಿತು. "ನೀನು ಒಂದೊಂದು ಬಾಟಲಿ ಜೊತೆ 35 ಡಾಲರ್ ದಾನ ಮಾಡ್ತಿದೀಯ" ಅಂದ. ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಯಾಕಂದ್ರೆ ನಾನು ಹಾಗೆ ದಾನ ಮಾಡಬಲ್ಲೆ, ಅಜ್ಜನ ಕೈಲಿ ಆಗಲ್ಲ. ಅವರದ್ದು ಸಾವಿರಾರು ತೂತು. ಮರದಿಂದ ಮರಕ್ಕೆ ಪೈಪು, ರಸ ಎಳೆಯೋ ಪಂಪು, ಕುದಿಸೋ ಮೊದಲೇ ಮುಕ್ಕಾಲು ನೀರು ತೆಗೆಯೋ ಯಂತ್ರ. ಎಲ್ಲದರ ಮೇಲೂ ಬ್ಯಾಂಕಿನ ಸಾಲ. ಮಾಡಿದ್ದರಲ್ಲಿ ಮನೆ ಮುಂದೆ ಮಾರಾಟ ಆಗೋದು ಸ್ವಲ್ಪವೇ. ಉಳಿದದ್ದು ಡ್ರಮ್ಮಿನಲ್ಲಿ ತುಂಬಿ ದೊಡ್ಡ ವ್ಯಾಪಾರಿಗೆ ಹೋಗುತ್ತೆ. ಪೌಂಡಿಗೆ ಇಷ್ಟು ಅಂತ ವ್ಯಾಪಾರಿಯೇ ಹೇಳ್ತಾನೆ. ಗಡಿಯಾಚೆ ಕೆನಡಾದ ಕ್ವಿಬೆಕ್‌ನಲ್ಲಿ ಹಾಗಲ್ಲ. ಅಲ್ಲಿ ಸಿರಪ್ ಮಾಡೋರೆಲ್ಲ ಒಂದು ಸಂಘ ಕಟ್ಟಿಕೊಂಡು ಕೊಳ್ಳೋರ ಜೊತೆ ಕೂತು ಬೆಲೆ ಗಟ್ಟಿ ಮಾಡ್ತಾರೆ, ಹೆಚ್ಚಾದದ್ದನ್ನು ಗೋದಾಮಿನಲ್ಲಿ ಇಡ್ತಾರೆ. 2011-12ರಲ್ಲಿ ಆ ಗೋದಾಮಿನಿಂದ ಸುಮಾರು 3000 ಟನ್ ಸಿರಪ್ ಕಳುವಾಗಿತ್ತು ನೋಡಿ, ಅಷ್ಟು ಬೆಲೆ ಅದಕ್ಕೆ. ಇಲ್ಲಿ ಅಂಥ ಸಂಘ ಇಲ್ಲ. ಅಜ್ಜ ತಾವೇ ಬಾಯಿಬಿಟ್ಟು ಹೇಳಬಹುದಾದ ಬೆಲೆ ಅಂದರೆ ಅವರ ಬೋರ್ಡಿನ ಮೇಲಿನ 24 ಒಂದೇ. ಅದರ ಪಕ್ಕದಲ್ಲೇ ನಾನು 15 ಅಂತ ಬರೆದು ನಿಲ್ಲಿಸಿದ್ದೆ.

ಅಪ್ಪಯ್ಯ ಜೋನಿ ಬೆಲ್ಲದ ಡಬ್ಬ ಪೇಟೆಗೆ ಒಯ್ಯುವಾಗ ಒಂದು ಸಲ ನಾನೂ ಹೋಗಿದ್ದೆ. ಎಂಟೋ ಒಂಬತ್ತೋ ವರ್ಷ. ಅಂಗಡಿಯವರು ಡಬ್ಬದ ಮುಚ್ಚಳ ತೆಗೆದು, ಕಡ್ಡಿ ಅದ್ದಿ, ನಾಲಿಗೆಗೆ ಮುಟ್ಟಿಸಿಕೊಂಡು, ಆ ಕಡೆ ನೋಡುತ್ತಾ ಒಂದು ರೇಟು ಹೇಳಿದರು. ಅಪ್ಪಯ್ಯ "ಆತು" ಅಂದರು. ಅಷ್ಟೇ. ರಾತ್ರಿಯಿಡೀ ಕೊಪ್ಪರಿಗೆ ಮುಂದೆ ನಿಂತು ಕಣ್ಣು ಕೆಂಪಾದ ಮನುಷ್ಯ, ಬೆಲೆ ಕೇಳೋ ಜಾಗದಲ್ಲಿ ಒಂದೇ ಮಾತು ಆಡಿದ್ದು. ಅಡಿಕೆಗೂ ಹಾಗೇ, ಮೆಣಸಿಗೂ ಹಾಗೇ. ತಮ್ಮ ಮಾಲಿಗೆ ಇಷ್ಟು ಅಂತ ಅವರು ಜೀವನದಲ್ಲಿ ಒಂದು ಸಲವೂ ಹೇಳಿದ್ದು ನಾನು ಕೇಳಿಲ್ಲ. ನನ್ನ ಕೈ ನಡುಗಿದ್ದು ಅಲ್ಲಿಂದಲೇ ಬಂದದ್ದೋ ಏನೋ. ಇನ್ನು ಆಲೆಮನೆಗೆ ಬಂದವರಿಗಂತೂ ಕಬ್ಬಿನ ಹಾಲು, ನೊರೆಬೆಲ್ಲ ಎಲ್ಲ ಪುಕ್ಕಟೆ, ಹೊಟ್ಟೆ ತುಂಬ.

ಆಯಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಅವಳಿಗೆ ಅಜ್ಜನ ಕಷ್ಟ ಅರ್ಥ ಆಗಲೇ ಇಲ್ಲ. "ಪಕ್ಕದ ಮನೆಯವ್ರ ಹತ್ರನೂ ದುಡ್ಡು ತಗತ್ಯನೇ ಕೂಸೇ?" ಅಂದಳು. ಏನು ಹೇಳೋದು.

ಶುಕ್ರವಾರ ಹಳೇ ರಟ್ಟು ಹರಿದು ಹಾಕಿ 24 ಅಂತ ಬರೆದೆ. ದೊಡ್ಡದಾಗಿ. ಶನಿವಾರ ಬೆಳಿಗ್ಗೆ ಅಜ್ಜ ಬಂದರು. ಮನೆಯಲ್ಲಿ ಡ್ರಮ್ಮುಗಟ್ಟಲೆ ಇರೋರು ಒಂದು ಬಾಟಲಿ ಎತ್ತಿಕೊಂಡರು. ಬೇಡ, ಹಾಗೇ ತಗೊಳ್ಳಿ ಅಂದೆ. ಕೇಳಲಿಲ್ಲ. 25 ಡಾಲರ್ ಡಬ್ಬಿಗೆ ಹಾಕಿ, ಒಂದು ಡಾಲರ್ ಚಿಲ್ಲರೆ ಹುಡುಕಿ ಎತ್ತಿಕೊಂಡರು. ಆಮೇಲೆ ಮತ್ತೆ ಬಾಟಲಿಯನ್ನು ಬಿಸಿಲಿಗೆ ಹಿಡಿದರು.

"ಬೆಲೆ ಸರಿ ಇದೆ. ಆದ್ರೆ ಚೀಟಿ ತಪ್ಪು. ಇದು ಅಂಬರ್ ಅಲ್ಲ, ಡಾರ್ಕ್."

ಸಿರಪ್ಪಿಗೆ ಇಲ್ಲಿ ಬಣ್ಣ ನೋಡಿ ದರ್ಜೆ ಕೊಡ್ತಾರೆ, ಅಂಬರಿಗಿಂತ ಕಡು ಇದ್ದರೆ ಡಾರ್ಕ್. ಮಂಗಳವಾರ ಅವರು ಅಷ್ಟು ಹೊತ್ತು ನೋಡಿದ್ದು ಬಣ್ಣವನ್ನೂ ಅಂತ ಆಗ ಗೊತ್ತಾಯಿತು. ಉಳಿದ ನಾಲ್ಕು ಬಾಟಲಿ ಒಳಗೆ ತಂದಿಟ್ಟಿದ್ದೇನೆ. ಚೀಟಿ ಕಿತ್ತು ಬರೋಕೆ ಬಿಸಿನೀರಲ್ಲಿ ನೆನೆ ಹಾಕಿದ್ದೇನೆ.